ಕುತ್ತಿಗೆಯ ಬೆಸುಗೆ

ನಾನು ಒಂದು ಮೋಟಾರ್ ಸೈಕಲ್. ಹುಟ್ಟಿದ್ದು ಎರಡು ಸಲ. ಐವತ್ತು ವರ್ಷದ ಹಿಂದೆ ಮೈಸೂರಿನ ಕಾರ್ಖಾನೆಯಲ್ಲಿ ಒಮ್ಮೆ, ಗದಗಿನ ಫಕ್ಕೀರಪ್ಪ ಕಮ್ಮಾರನ ವೆಲ್ಡಿಂಗ್ ಅಂಗಡಿಯಲ್ಲಿ ಇನ್ನೊಮ್ಮೆ.

ಮೊದಲ ಜನ್ಮದಲ್ಲಿ ಒಬ್ಬ ದನದ ಡಾಕ್ಟರನ್ನು ಹೊತ್ತೆ, ಆಮೇಲೆ ಒಬ್ಬ ಹಾಲು ಮಾರುವವನನ್ನು. ಹಾಲಿನವನು ಒಂದು ದಿನ ನಿಂತಿದ್ದ ಟ್ರ್ಯಾಕ್ಟರಿಗೆ ನನ್ನನ್ನು ಗುದ್ದಿದ. ಅವನ ಮೊಣಕೈ ತರಚಿತು. ನನ್ನ ಕುತ್ತಿಗೆ, ಅಂದರೆ ಹ್ಯಾಂಡಲ್ಲು ಚೌಕಟ್ಟಿಗೆ ಕೂಡುವ ಜಾಗ, ಮುರಿಯಿತು. ಗುಜರಿಯಲ್ಲಿ ಎಂಟು ವರ್ಷ ಬಿದ್ದಿದ್ದೆ. ಇಲಿಗಳು ಸೀಟು ತಿಂದವು.

ಫಕ್ಕೀರಪ್ಪ ನನ್ನನ್ನು ಕೈಗಾಡಿಯಲ್ಲಿ ತಂದ. ಸಂಜೆ ಅಂಗಡಿಯ ಕೆಲಸ ಮುಗಿದ ಮೇಲೆ ನನ್ನ ಮುಂದೆ ಕೂರುತ್ತಿದ್ದ. ಎರಡು ವರ್ಷ ಹಿಡಿಯಿತು. ಕುತ್ತಿಗೆಯನ್ನು ಬೆಸೆದು, ಉಜ್ಜಿ, ಮೇಲೆ ಕಡುಗೆಂಪು ಬಣ್ಣ ಹೊಡೆದ. ಬೆಸುಗೆ ಎಲ್ಲಿದೆ ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಅವನ ಜೊತೆ ಗದಗಿನ ಬೀದಿಗಳಲ್ಲಿ ಸುಖವಾಗಿಯೇ ಓಡಾಡಿದೆ. ಆದರೆ ನನಗೆ ನಿಲ್ಲುವುದು ಬಾರದು. ನಿಂತಲ್ಲಿ ಇಂಜಿನ್ ಏರುತ್ತದೆ, ಇಳಿಯುತ್ತದೆ, ಬಿಗಿದ ಹಗ್ಗ ಜಗ್ಗುವ ಹೋರಿಯ ಹಾಗೆ. ಒಂದು ಮುಂಜಾನೆ ಅವನು ಕಿಕ್ ಹೊಡೆದಾಗ ನಾನು ತಿರುಗಿ ಒದ್ದೆ. ಬೇಕೆಂದು ಒದ್ದದ್ದಲ್ಲ. ಅವನ ಮೊಣಕಾಲು ಉಳುಕಿತು. ಇನ್ನು ಕಿಕ್ ಹೊಡೆಯುವ ಹಾಗಿಲ್ಲ ಎಂದರು ಡಾಕ್ಟರು.

"ಇನ್ನ ಇದನ್ನ ಮನ್ಯಾಗ ಇಟ್ಕೊಬ್ಯಾಡ, ಮಾರಿಬಿಡು" ಎಂದಳು ಹೆಂಡತಿ ಗುರವ್ವ.

ಕೊಳ್ಳಲು ಬಾದಾಮಿಯಿಂದ ಶ್ರೀಶೈಲ ಮೇಟಿ ಎಂಬ ಡ್ರಾಯಿಂಗ್ ಮೇಷ್ಟ್ರು ಬಂದರು. ಫಕ್ಕೀರಪ್ಪ ನನ್ನ ಐಬುಗಳನ್ನೆಲ್ಲ ತಾನೇ ತೋರಿಸಿದ.

"ಟ್ಯಾಂಕಿಗೆ ಇಲ್ಲೊಂದು ತಗ್ಗು ಐತ್ರಿ. ಮೂರನೇ ಗೇರು ಒಮ್ಮೊಮ್ಮೆ ಜಾರತೈತಿ. ಕೆಳಗ ಎಣ್ಣಿ ಜಿನಗತೈತಿ, ಒಂದು ರಟ್ಟು ಹಾಕ್ರಿ. ಸ್ಪೀಡೋಮೀಟರಿನ ಮುಳ್ಳ ನಂಬಬ್ಯಾಡ್ರಿ."

ಮೇಷ್ಟ್ರು ನಕ್ಕರು. "ಮಾರೋರು ಇಷ್ಟು ಖರೆ ಹೇಳಿದ್ದು ನಾ ಎಲ್ಲೂ ಕೇಳಿಲ್ರಿ."

ಫಕ್ಕೀರಪ್ಪನ ಕೈ ಹ್ಯಾಂಡಲ್ಲಿನ ಮೇಲಿತ್ತು. ಹೆಬ್ಬೆರಳು ಮೆಲ್ಲಗೆ ಕುತ್ತಿಗೆಯ ತನಕ ಜಾರಿತು, ಅಲ್ಲಿಯೇ ನಿಂತಿತು. "ಹುಷಾರಿಲೆ ಓಡಸ್ರಿ" ಎಂದಷ್ಟೇ ಹೇಳಿದ.

ನಾನು ಬಾದಾಮಿಗೆ ಹೊರಟೆ. ಅಷ್ಟು ಉದ್ದದ ರಸ್ತೆ ಕಂಡು ಎಷ್ಟು ಕಾಲವಾಗಿತ್ತು. ಎರಡೂ ಕಡೆ ಸೂರ್ಯಕಾಂತಿ, ಎದುರಿಗೆ ಗಾಳಿ. ಮೇಷ್ಟ್ರು ತಿರುವಿದಷ್ಟೂ ನಾನು ಓಡಿದೆ. ನನಗೆ ಕುತ್ತಿಗೆಯ ನೆನಪೇ ಇರಲಿಲ್ಲ.

ನಾಲ್ಕನೆಯ ದಿನ ಭಾನುವಾರ. ಮೇಷ್ಟ್ರು ಹೆಂಡತಿ ನೀಲಾಳನ್ನು ಕೂರಿಸಿಕೊಂಡು ಕೂಡಲಸಂಗಮಕ್ಕೆ ಹೊರಟಿದ್ದರು. ನೀಲಾ ಬುತ್ತಿಗಂಟು ತಂದು ಸೀಟಿನ ಮೇಲಿಟ್ಟಳು. ಆಗ ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಫಕ್ಕೀರಪ್ಪ ಕುಂಟುತ್ತ ಬರುವುದು ಕಂಡಿತು. ಯಾರನ್ನೂ ಮಾತಾಡಿಸದೆ ನೆಟ್ಟಗೆ ನನ್ನ ಹತ್ತಿರ ಬಂದ. ನೋಯುವ ಕಾಲನ್ನು ಮಡಚಿ ಕೂತು, ಕಿಸೆಯಿಂದ ಉಪ್ಪುಕಾಗದ ತೆಗೆದು, ನನ್ನ ಕುತ್ತಿಗೆಯ ಬಣ್ಣವನ್ನು ಉಜ್ಜಿ ತೆಗೆದ. ಕೆಳಗೆ ಬೆಸುಗೆ, ಹೊಲಿದ ಗಾಯದ ಹಾಗೆ, ಬಯಲಾಯಿತು.

"ಇದನ್ನ ನಾ ಹೇಳಿರಲಿಲ್ರಿ" ಎಂದ.

ಮೇಷ್ಟ್ರು ಬಗ್ಗಿ ನೋಡಿದರು. "ಬಿಟ್ಟೈತೇನು?"

"ಇಲ್ಲ. ಗಟ್ಟಿ ಐತಿ. ಆದ್ರ ನಾ ಊರಾಗಷ್ಟ ಓಡಿಸೀನ್ರಿ, ಒಬ್ಬನ. ಇಬ್ಬರನ್ನ ಹೊತ್ತು ದೂರ ಓಡಿದ್ರ ಏನಾಗತೈತಿ ನನಗ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದನ್ನರ ಹೇಳಬೇಕಿತ್ತು."

ಮೇಷ್ಟ್ರ ಮುಖ ಕಪ್ಪಿಟ್ಟಿತು. "ಸಣ್ಣಸಣ್ಣದೆಲ್ಲಾ ಹೇಳಿ ದೊಡ್ಡದನ್ನ ಮುಚ್ಚಿದ್ರಲ್ರಿ. ಆ ಸಣ್ಣದು ಕೇಳೇ ನಿಮ್ಮನ್ನ ನಂಬಿದೆ ನಾ."

ಫಕ್ಕೀರಪ್ಪ ತಲೆ ತಗ್ಗಿಸಿದ. ಮೇಷ್ಟ್ರು ಕೊಟ್ಟಿದ್ದ ಹಣದ ಪೊಟ್ಟಣವನ್ನು ಸೀಟಿನ ಮೇಲೆ, ಬುತ್ತಿಯ ಪಕ್ಕದಲ್ಲಿಟ್ಟ. ನೀಲಾ ಎರಡನ್ನೂ ನೋಡಿದಳು. ಬುತ್ತಿಯನ್ನು ಎತ್ತಿಕೊಂಡು, "ಯಜಮಾನ್ರ, ಬಿಸಲಾಗ ಬಂದೀರಿ. ಒಳಗ ಬರ್ರಿ, ರೊಟ್ಟಿ ತಿನ್ರಿ" ಎಂದಳು.

ಸಂಜೆ ಒಂದು ಟೆಂಪೊದಲ್ಲಿ, ಈರುಳ್ಳಿ ಚೀಲಗಳ ನಡುವೆ ಕಟ್ಟಿಸಿಕೊಂಡು, ನಾನು ಗದಗಿಗೆ ಮರಳಿದೆ.

"ನಾಕು ದಿನ ನೀ ಸರಿಯಾಗಿ ಉಣಲಿಲ್ಲ" ಎಂದು ಗುರವ್ವ ಗೊಣಗಿದಳು. "ಈಗ ಇದನ್ನ ತಿರುಗಿ ತಂದು ನನ್ನ ಅಂಗಳದಾಗ ನಿಲ್ಲಿಸಿದಿ." ಆದರೂ ಅವನಿಗೆ ಚಹಾ ಮಾಡಿಕೊಟ್ಟಳು.

ಆಮೇಲೆ ಕೊಳ್ಳಲು ಬಂದವರಿಗೆಲ್ಲ ಫಕ್ಕೀರಪ್ಪ ಮೊದಲು ಬೆಸುಗೆಯನ್ನೇ ತೋರಿಸಿದ. ಅವರು ತಲೆಯಾಡಿಸಿ ಹೊರಟುಹೋದರು. ಒಂದು ದಿನ ನನ್ನ ಟ್ಯಾಂಕಿನ ಪೆಟ್ರೋಲನ್ನೆಲ್ಲ ಡಬ್ಬಿಗೆ ಬಸಿದು, ಅಂಗಡಿಯ ಮೂಲೆಗೆ ತಳ್ಳಿ ಸ್ಟ್ಯಾಂಡ್ ಹಾಕಿದ. ಅಂದಿನಿಂದ ನಾನು ಇಲ್ಲೇ ಇದ್ದೇನೆ. ನನಗೂ ವಯಸ್ಸಾಯಿತು, ಅವನಿಗೂ.

ಮಧ್ಯಾಹ್ನ ಊಟವಾದ ಮೇಲೆ ಅವನು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು, ಗೋಡೆಗೊರಗಿ, ಮಗುವಿನ ಹಾಗೆ ನಿದ್ದೆ ಹೋಗುತ್ತಾನೆ. ಅವನು ಮಾಡಿದ್ದು ಸರಿ. ಆ ಇಬ್ಬರು ಎಲ್ಲೋ ಸುಖವಾಗಿದ್ದಾರೆ, ಅದು ದೊಡ್ಡದು. ಇದನ್ನು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅವನಿಗೆ ಸಿಕ್ಕ ನೆಮ್ಮದಿ ನನ್ನ ದಾರಿಯನ್ನು ತಿಂದು ಸಿಕ್ಕದ್ದು. ಹೊರಗೆ ಯಾವುದಾದರೂ ಗಾಡಿ ಗೇರು ಬದಲಿಸಿ ಜೋರಾಗಿ ಹೊರಟಾಗ ಅಂಗಡಿಯ ತಗಡು ಅದುರುತ್ತದೆ, ಅದರ ಜೊತೆ ನಾನೂ ಅದುರುತ್ತೇನೆ. ಅವನಿಗೆ ಎಚ್ಚರವಾಗುವುದಿಲ್ಲ.