ಮುಕ್ಕಾಲಿಯ ಹೊಟ್ಟೆಕಿಚ್ಚು

ನಾನೊಂದು ಸಾಗುವಾನಿ ಮರದ ಮುಕ್ಕಾಲಿ. ಗದಗಿನ ಬಡಿಗ ಮೌನೇಶಪ್ಪ ನನ್ನ ಕಾಲುಗಳಿಗೆ ಹಿತ್ತಾಳೆಯ ಮೊನೆ ಹಾಕಿ ಅಂಗಡಿಯ ಮುಂದೆ ನಿಲ್ಲಿಸಿದಾಗ, ನನ್ನ ಸಮಾನರು ಯಾರಿದ್ದಾರೆಂದು ಬೀಗಿದ್ದೆ. ಸರ್ವೇಯರ್ ಫಕ್ಕೀರೇಶ ನನ್ನನ್ನು ಕೊಂಡವನೇ ನೆತ್ತಿಯ ಮೇಲೆ ನೆಲ ಅಳೆಯುವ ಒಂದು ದುರ್ಬೀನನ್ನು ತಿರುಪಿ ಕೂರಿಸಿದ. ನನ್ನ ಹೊಟ್ಟೆಕಿಚ್ಚು ಶುರುವಾದದ್ದೇ ಆಗ.

ಬಿಸಿಲಾದರೆ ಆ ದುರ್ಬೀನು ಮಹಾರಾಣಿಗೆ ಕೊಡೆ, ಧೂಳಾದರೆ ಮೆತ್ತನೆಯ ಬಟ್ಟೆ. ನನಗೆ ಮಾತ್ರ ಬೂಟುಗಾಲಿನ ತುಳಿತ, ಮೊನೆ ನೆಲದಲ್ಲಿ ಗಟ್ಟಿಯಾಗಿ ಊರಲೆಂದು. ಬಂದವರೆಲ್ಲ ಅವಳ ಕಣ್ಣಿಗೆ ಕಣ್ಣಿಟ್ಟು ಹೋಗುವವರೇ. ಹೊತ್ತು ನಿಂತ ನನ್ನನ್ನು ಕೇಳುವವರೇ ಇಲ್ಲ.

ಒಮ್ಮೆ ಗುಡ್ಡದ ಗಾಳಿಯಂತ್ರಗಳಿಂದ ಹೊಸ ವಿದ್ಯುತ್ ಉಪಕೇಂದ್ರಕ್ಕೆ ಲೈನು ಎಳೆಯುವ ಕೆಲಸ ಬಂತು. ಉಪಕೇಂದ್ರ ಶುರುವಾದರೆ ಫಕ್ಕೀರೇಶನ ಊರಿಗೆ ಹಗಲಲ್ಲೂ ಕರೆಂಟು. ಅವನ ಅಕ್ಕ ಶಾವಂತ್ರವ್ವನ ಹಿಟ್ಟಿನ ಗಿರಣಿ ಕರೆಂಟಿಲ್ಲದೆ ಮುಚ್ಚುವ ಹಂತಕ್ಕೆ ಬಂದಿತ್ತು. ಅವನ ಅವಸರ ನನಗೆ ಅರ್ಥವಾಗುತ್ತಿತ್ತು.

"ಮ್ಯಾಪಿನ್ಯಾಗ ಖರಾಬು ಅಂತ ಐತ್ರಿ ಮೇಡಂ. ಖರಾಬಿನ್ಯಾಗ ಏನ್ ಇರ್ತೈತಿ? ನೆಟ್ಟಗ ಎಳದ ಬಿಡೂಣು," ಎಂದು ಅವನು ಇಂಜಿನಿಯರ್ ನಸೀಮಾಗೆ ಹೇಳಿದ. ಉಳುಮೆಗೆ ಬಾರದ ನೆಲಕ್ಕೆಲ್ಲ ಕಂದಾಯದವರು ಇಡುವ ಹೆಸರು ಖರಾಬು. ಅದನ್ನು ಇವನು ಖಾಲಿ ಎಂದು ಓದಿಕೊಂಡಿದ್ದ.

ಆ ಖರಾಬಿನ ಹುಲ್ಲುಗಾವಲಿನಲ್ಲಿ ನನ್ನ ಕಾಲು ಬಿಡಿಸುತ್ತಿದ್ದಾಗ ಕುರಿ ಮೇಯಿಸುತ್ತಿದ್ದ ದ್ಯಾಮವ್ವ ಕೂಗಿಕೊಂಡಳು: "ಏ ಯಪ್ಪಾ, ಅಲ್ಲಿ ಊರಬ್ಯಾಡೋ! ಎರೆಭೂತದ ತತ್ತಿ ಐತಿ!"

ಬರಿ ನೆಲದ ಮೇಲೆ ಒಂದೇ ಒಂದು ಮೊಟ್ಟೆ. ದೂರದಲ್ಲಿ ಎತ್ತರದ ಹಕ್ಕಿಯೊಂದು ಕತ್ತು ಚಾಚಿ ನಮ್ಮನ್ನೇ ನೋಡುತ್ತಿತ್ತು. ನಸೀಮಾ ಕೆಳದನಿಯಲ್ಲಿ, "ಎರೆಭೂತ ಇಂಥ ಹುಲ್ಲುಗಾವಲು ಬಿಟ್ಟು ಬ್ಯಾರೆ ಕಡೆ ಬದುಕೂದಿಲ್ಲ, ಉಳದಿರೂದೂ ಬೆರಳೆಣಿಕೆಯಷ್ಟ. ಈ ಹಕ್ಕಿಗೆ ಎದುರಿನ ತಂತಿ ಕಾಣೂದಿಲ್ಲ ಫಕ್ಕೀರೇಶ. ಹಾರಿ ಬಂದು ಬಡ್ಕೊಂಡು ಸಾಯ್ತೈತಿ. ಲೈನು ರಸ್ತೆಗುಂಟ ಸುತ್ತಿ ಹೋಗಲಿ," ಎಂದಳು.

"ನಮ್ಮಕ್ಕನ ಗಿರಣಿ?"

"ಗಿರಣಿಗೂ ಕರೆಂಟು ಬರ್ತೈತಿ. ತಡ ಆಗ್ತೈತಿ ಅಷ್ಟ."

ರಸ್ತೆಗುಂಟ ಹೋದರೆ ಒಂದು ಟವರು ಫಕ್ಕೀರೇಶನ ಉಳ್ಳಾಗಡ್ಡಿ ಹೊಲದ ನಡುವೆಯೇ ಬರುತ್ತಿತ್ತು. ಅವನು ನನ್ನನ್ನು ಹೆಗಲಿಗೇರಿಸಿ ನಡೆದು, ತನ್ನ ಹೊಲದಲ್ಲಿ ತಾನೇ ಊರಿದ. ನನಗೆ ಮೈಯೆಲ್ಲ ಉರಿದುಹೋಯಿತು. ದುರ್ಬೀನಿನ ಮೇಲಿನ ಕಿಚ್ಚು ಯಾವ ಲೆಕ್ಕ! ಹೆಸರಲ್ಲೇ ಭೂತವಿರುವ ಒಂದು ಹಕ್ಕಿಗಾಗಿ ಇಡೀ ಲೈನು ಬಾಗಿತು. ನನಗಾಗಿ ಯಾರೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದವರಲ್ಲ.

ವರ್ಷಗಳು ಕಳೆದವು. ದುರ್ಬೀನಿನ ಕಾಲ ಮುಗಿದು ಹೊಸ ಯಂತ್ರ ಬಂತು, ಅದಕ್ಕೆ ಅಲ್ಯೂಮಿನಿಯಂ ಕಾಲು. ನಾನೀಗ ಶಾವಂತ್ರವ್ವನ ಗಿರಣಿಯ ಮೂಲೆಯಲ್ಲಿ ಜೋಳದ ಬುಟ್ಟಿ ಹೊತ್ತು ನಿಂತಿದ್ದೇನೆ. ಹಗಲೆಲ್ಲ ಗಿರಣಿ ಗುಂಯ್‌ಗುಡುತ್ತದೆ, ಹಿಟ್ಟು ಬಿದ್ದು ನನ್ನ ತಲೆ ಬೆಳ್ಳಗಾಗಿದೆ.

ಮೊನ್ನೆ ಫಕ್ಕೀರೇಶ ಬಂದಿದ್ದ. ಅಕ್ಕ ರೇಗಿಸಿದಳು: "ಒಂದ ಹಕ್ಕಿ ಸಲುವಾಗಿ ಹೊಲದಾಗ ಟವರ್ ನಿಲ್ಲಿಸ್ಕೊಂಡ ಶಾಣ್ಯಾ ನೀನು."

"ಇರ್ಲಿ ಬಿಡಬೇ," ಎಂದ ಅವನು. "ಅದಕ್ಕ ಮತ್ತೆಲ್ಲಿ ಜಾಗ ಐತಿ?"

ನಾನು ಯೋಚಿಸಿದೆ. ಅಂಗಡಿ, ಜೀಪಿನ ತಲೆ, ಗೋದಾಮು, ಈ ಗಿರಣಿ: ನನ್ನನ್ನು ಎಲ್ಲಿ ನಿಲ್ಲಿಸಿದರೂ ನಡೆಯಿತು. ಆ ಹಕ್ಕಿಗೆ ಇರುವುದು ಆ ಖರಾಬು ಒಂದೇ. ಅಂಥದರ ಮೇಲೆ ಹೊಟ್ಟೆಕಿಚ್ಚು ಪಡಲು ನಾಚಿಕೆಯಾಗುತ್ತದೆ. ಆದರೂ ಪಡುತ್ತೇನೆ.