ಗೇಟಿನ ಮುಂದೆ ಬಾಯಿ ತೆರೆದ ಬ್ಯಾಗುಗಳು

ಮೋನಿಕಾಳಿಗೆ ಮತ್ತೆ ಹೊಟ್ಟೆನೋವು. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಶುರುವಾಗಿ, ಮಧ್ಯಾಹ್ನದೊಳಗೆ ತಾನಾಗಿ ವಾಸಿಯಾಗುವ ಹೊಟ್ಟೆನೋವು. ವಾರದಿಂದ ಇದೇ ನಾಟಕ. ಚಂದ್ರಿಕಾಳ ತಾಳ್ಮೆ ಮುಗಿದಿತ್ತು. ಅದು ಅವಳಲ್ಲಿ ಮೊದಲೇ ಹೆಚ್ಚಿಗೆ ಇರಲಿಲ್ಲ ಎಂಬುದು ಎಸ್ಟೇಟಿನ ಕೂಲಿಯವರ ಲೈನ್ ಮನೆಗಳವರಿಗೆಲ್ಲ ಗೊತ್ತಿದ್ದ ವಿಷಯ.

"ಏಳೇ ಮೇಲೆ! ಜ್ವರ ಬಂದ್ರೂ ಸ್ಕೂಲಿಗೆ ಓಡ್ತಿದ್ದೋಳು ನೀನು. ಈಗೇನ್ ಬಂದೈತೆ ನಿಂಗೆ ರೋಗ?" ಎಂದು ಕಂಬಳಿ ಎಳೆದು ಬಿಸಾಕಿದಳು.

ನಾಲ್ಕನೇ ಕ್ಲಾಸಿನ ಹುಡುಗಿ ಗೋಡೆಗೆ ಮುಖ ಮಾಡಿ ಮುದುರಿಕೊಂಡಳು. "ಗೇಟ್ ಹತ್ರ ಹೋಗಲ್ಲ ಕಣವ್ವಾ" ಎಂದಷ್ಟೇ ಹೇಳಿದಳು.

ಗೇಟು ದಾಟದೆ ಶಾಲೆ ಇಲ್ಲ. ಲೈನಿನಿಂದ ಸರ್ಕಾರಿ ಶಾಲೆಗೆ ತೋಟದ ಮಣ್ಣುರಸ್ತೆಯೇ ದಾರಿ. ಅದರ ಕೊನೆಗೆ ಕೆಳಗಿನ ಗೇಟು, ಗೇಟಿನಾಚೆ ಶಾಲೆ. ಇನ್ನೊಂದು ದಾರಿ ಕಾಡಂಚಿನ ಟಾರ್ ರಸ್ತೆ. ಅಲ್ಲಿ ಮರಿ ಹಾಕಿಕೊಂಡ ಆನೆಗಳು ತಿರುಗುತ್ತಿವೆ, ಯಾರೂ ನಡೆದು ಬರಬೇಡಿ ಎಂದು ಫಾರೆಸ್ಟಿನವರೇ ಮೈಕ್ ಹಿಡಿದು ಕೂಗಿ ಹೋಗಿದ್ದರು. ಮೊದಲೆಲ್ಲ ಗೇಟು ಹಗಲಿಡೀ ತೆರೆದೇ ಇರುತ್ತಿತ್ತು. ಕಾಫಿಯ ರೇಟು ಏರಿದ್ದೇ ಏರಿದ್ದು, ತೋಟದ ಯಜಮಾನರಾದ ರಂಗಸ್ವಾಮಿ ಸಾಹುಕಾರರಿಗೆ ಕಂಡವರೆಲ್ಲ ಕಳ್ಳರಾಗಿ ಕಾಣತೊಡಗಿದರು. ಕುಯ್ಲು ಶುರುವಾದ ಹೊಸತರಲ್ಲಿ ಒಂದನೇ ಕ್ಲಾಸಿನ ಪುಟ್ಟ ಹುಡುಗನೊಬ್ಬನ ಜೇಬಿನಲ್ಲಿ ಹಿಡಿಯಷ್ಟು ಕಾಫಿ ಹಣ್ಣು ಸಿಕ್ಕಿತು. ಹಣ್ಣಿನ ಸಿಪ್ಪೆ ಸಿಹಿ. ಅದನ್ನು ಚೀಪಿ ಬೀಜ ಉಗಿಯದ ಮಕ್ಕಳು ಈ ಸೀಮೆಯಲ್ಲಿ ಹುಟ್ಟೇ ಇಲ್ಲ, ಸಾಹುಕಾರರೂ ಸೇರಿ. ಆದರೂ ಅಂದಿನಿಂದ ಗೇಟಿಗೆ ಬೀಗ, ಮಕ್ಕಳ ಬ್ಯಾಗಿಗೆ ತಪಾಸಣೆ.

ಇದೆಲ್ಲ ಚಂದ್ರಿಕಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಅನಿಸಿರಲಿಲ್ಲ. ಕುಯ್ಲಿನ ಹೆಂಗಸರು ಸಂಜೆ ಕುಯ್ದ ಹಣ್ಣಿನ ತೂಕ ಮುಗಿಸಿ ಹೊರಡುವಾಗ ಊಟದ ಚೀಲ ಬಿಚ್ಚಿ ತೋರಿಸುವುದು ಹಳೆಯ ರೂಢಿ. ಕದಿಯದವಳಿಗೆ ಭಯವೇನು ಎಂದು ಅವಳೂ ಇಷ್ಟು ವರ್ಷ ಬಿಚ್ಚಿದ್ದಳು. ಮಗಳಿಗೂ ಅದನ್ನೇ ಹೇಳಿಕೊಟ್ಟಿದ್ದಳು.

"ಬ್ಯಾಗ್ ತೋರ್ಸಿ ಹೋಗಕ್ಕೇನೇ ನಿಂಗೆ ದಾಡಿ?" ಎಂದು ಬೈದು, ತಲೆ ಬಾಚಿ, ರಟ್ಟೆ ಹಿಡಿದು ಹೊರಟಳು. ಕೆಲಸಕ್ಕೆ ತಡವಾದರೆ ಹಾಜರಿ ಬರೆಯುವ ರೈಟರ್ ಬಾಯಿಗೆ ಬಂದಂತೆ ಬೈಯುತ್ತಾನೆ. ಬೈಯಲಿ. ಮಗಳು ಇವತ್ತು ಶಾಲೆಯಲ್ಲಿ ಕೂರಲೇಬೇಕು.

ಗೇಟಿನ ಮುಂದೆ ಮಕ್ಕಳು ಸಾಲಾಗಿ ನಿಂತಿದ್ದರು. ವಾಚ್‌ಮನ್ ಧರ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದ. ಇವರ ಪಕ್ಕದ ಮನೆಯವನೇ, ಕೆಟ್ಟವನಲ್ಲ. ಅವನಿನ್ನೂ ತಲೆ ಎತ್ತಿರಲಿಲ್ಲ, ಆಗಲೇ ಎಲ್ಲರ ಬ್ಯಾಗಿನ ಜಿಪ್ಪೂ ತೆರೆದಿತ್ತು. ಎಲ್ಲರಿಗಿಂತ ಚಿಕ್ಕವನು ಬ್ಯಾಗನ್ನೇ ಬೋರಲು ಹಾಕಿ ಪುಸ್ತಕ, ಪೆನ್ಸಿಲ್, ಊಟದ ತಟ್ಟೆ ಎಲ್ಲ ಧೂಳಿಗೆ ಸುರಿದು, ಕೈಕಟ್ಟಿ ನಿಂತಿದ್ದ. ಉಳಿದವರು ಬ್ಯಾಗನ್ನು ಮುಂದೆ ಚಾಚಿ ಮುಖವನ್ನು ಪಕ್ಕಕ್ಕೆ ತಿರುಗಿಸಿದ್ದರು. ಹಾಗೆ ಮುಖ ತಿರುಗಿಸಿ ನಿಲ್ಲುವುದು ಚಂದ್ರಿಕಾಳಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆ ತೂಕದ ಹತ್ತಿರ ಅವಳು ನಿಲ್ಲುತ್ತಿದ್ದದ್ದು ಹಾಗೆಯೇ.

ಮೋನಿಕಾಳ ಸರದಿ ಬಂತು. ಧರ್ಮ ಬ್ಯಾಗಿನೊಳಗೆ ಕೈ ಹಾಕಿ ಹಲ್ಲು ಕಿರಿದ. "ಏನಮ್ಮಾ ಕಳ್ಳಿ, ಒಂದ್ ವಾರ ಕಾಣ್ಲೇ ಇಲ್ಲ? ಕದ್ದಿದ್ನೆಲ್ಲಾ ಮಾರ್ಬುಟ್ಯಾ?"

ಮಕ್ಕಳೆಲ್ಲ ನಕ್ಕರು. ದಿನದಿನದ ತಮಾಷೆ ಇರಬೇಕು, ಯಾವಾಗ ನಗಬೇಕೆಂದು ಅವರಿಗೆ ಗೊತ್ತಿತ್ತು. ಮೋನಿಕಾ ಮಾತ್ರ ಹೊಟ್ಟೆ ಹಿಡಿದುಕೊಂಡಳು.

ಚಂದ್ರಿಕಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಧರ್ಮನ ಮೇಲೆ, ಸಾಹುಕಾರರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಬೆಳಿಗ್ಗೆ ಕಂಬಳಿ ಎಳೆದ ತನ್ನ ಮೇಲೆ.

"ತೆಗಿಯೋ ಕೈನ!"

"ಅಯ್ಯೋ, ತಮಾಷೆಗಂದೆ ಚಂದ್ರಕ್ಕ."

"ನಿನ್ ತಮಾಷೆಗೆ ಬೆಂಕಿ ಹಾಕ. ಮಗು ಸ್ಕೂಲ್ ಬುಟ್ಟು ಮನೇಲಿ ಮಲ್ಗೈತೆ ಕಣೋ!"

"ನಾನೇನ್ ಮಾಡ್ಲಿ? ಸಾವ್ಕಾರ್ರು ಹೇಳವ್ರೆ. ಸಂಜೆ ನೀನೂ ಚೀಲ ಬಿಚ್ಚಲ್ವಾ? ಆವಾಗಿಲ್ದಿದ್ ಕ್ವಾಪ ಈಗ್ಯಾಕೆ?"

ಉತ್ತರಕ್ಕೆ ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಜೀಪಿನ ಹಾರನ್ ಕೇಳಿತು. ಸಾಹುಕಾರರು ಮೊಮ್ಮಗಳು ಚೈತ್ರಶ್ರೀಯನ್ನು ಕಾನ್ವೆಂಟಿನ ವ್ಯಾನ್ ಹತ್ತಿಸಲು ಹೊರಟಿದ್ದರು. ಧರ್ಮ ಎದ್ದುಬಿದ್ದು ಬೀಗ ತೆಗೆದು, ಗೇಟನ್ನು ಅಗಲವಾಗಿ ತಳ್ಳಿ ಸಲಾಮು ಹೊಡೆದ. ಮಕ್ಕಳು ಪಕ್ಕಕ್ಕೆ ಸರಿದರು. ಚಂದ್ರಿಕಾ ಸರಿಯಲಿಲ್ಲ. ಜೀಪಿನ ಮುಂದೆ ಹೋಗಿ ನಿಂತಳು.

"ಏನಮ್ಮಿ, ಸಾಯಕ್ಕೆ ನನ್ ಜೀಪೇ ಬೇಕಾಗಿತ್ತಾ?"

"ಆ ಪಾಪುನ್ ಬ್ಯಾಗೂ ನೋಡ್ಲಿ, ಆಮೇಲ್ ಹೋಗಿ."

"ತಲೆ ಕೆಟ್ಟೈತಾ ನಿಂಗೆ? ನನ್ ಮೊಮ್ಮಗಳು ಕಳ್ಳೀನಾ?"

"ನನ್ ಮಗಳು ಕಳ್ಳಿ ಅಂತ ನಿಮಗ್ಯಾರ್ ಹೇಳಿದ್ದು? ಆಗಸ್ಟ್ ಹದಿನೈದಕ್ಕೆ ಸ್ಕೂಲಲ್ಲಿ ಬಾವುಟ ಹಾರ್ಸಿ, ಮಕ್ಕಳು ಒಂದಿನಾನೂ ತಪ್ಪಿಸ್ಬಾರ್ದು ಅಂತ ಭಾಷಣ ಬಿಗಿದ್ರಲ್ಲ ಸಾವ್ಕಾರ್ರೆ, ಹೆಂಗ್ ಬರ್ಬೇಕು? ಆನೆ ಕಾಲ್ಗೆ ಸಿಕ್ಕಾಕ್ಕೊಂಡ್ ಬರ್ಬೇಕಾ, ಕಳ್ಳಿ ಅನ್ನಿಸ್ಕೊಂಡ್ ಬರ್ಬೇಕಾ?"

ಸಾಹುಕಾರರ ಮುಖ ಕೆಂಪಾಯಿತು. ಅವರು ಬೈಯಲು ಶುರುಮಾಡುವ ಮೊದಲೇ ಚೈತ್ರಶ್ರೀ ಜೀಪಿನಿಂದ ಹಾರಿ ಇಳಿದಿದ್ದಳು. ಸಾಲು ನೋಡಿದಳು, ತೆರೆದ ಬ್ಯಾಗುಗಳನ್ನು ನೋಡಿದಳು. ತಾನೂ ಜಿಪ್ ಎಳೆದು, ಮೋನಿಕಾಳ ಹಿಂದೆ ಹೋಗಿ ನಿಂತು, ಬ್ಯಾಗನ್ನು ಮುಂದೆ ಚಾಚಿದಳು.

"ಚೈತ್ರಾ! ಬಾ ಇಲ್ಲಿ!"

"ಇರು ತಾತ, ಎಲ್ಲಾರ್ದೂ ನೋಡ್ತಾರಂತೆ."

"ನೋಡೋ ಧರ್ಮ" ಎಂದಳು ಚಂದ್ರಿಕಾ. "ಹಾಕೋ ಕೈನ. ಎಷ್ಟ್ ಕದ್ದವ್ಳೆ ಕೇಳು."

ಧರ್ಮನ ಕೈ ಮೇಲೇಳಲಿಲ್ಲ. ಸಾಹುಕಾರರು ಇಳಿದು ಬಂದು, ಮೊಮ್ಮಗಳ ಬ್ಯಾಗನ್ನು ಕಿತ್ತುಕೊಂಡು ಜಿಪ್ ಹಾಕಿದರು. ಹುಡುಗಿಯನ್ನು ಜೀಪಿಗೆ ಹತ್ತಿಸಿ, "ನಾಳೆಯಿಂದ ನಿಂಗೆ ನನ್ ತೋಟದಲ್ಲಿ ಕೆಲಸ ಇಲ್ಲ" ಎಂದು ಚಂದ್ರಿಕಾಳ ಮುಖಕ್ಕೆ ಹೇಳಿ, ಧೂಳೆಬ್ಬಿಸಿಕೊಂಡು ಹೊರಟುಹೋದರು.

ಗೇಟು ಹಾಗೇ ತೆರೆದಿತ್ತು. ಆಚೆ ಶಾಲೆಯ ಗಂಟೆ ಹೊಡೆಯಿತು. ಒಂದು ಮಗುವೂ ಅಲುಗಲಿಲ್ಲ. ಬ್ಯಾಗುಗಳನ್ನು ಮುಂದೆ ಚಾಚಿಕೊಂಡು, ಮುಖ ತಿರುಗಿಸಿಕೊಂಡು, ಯಾರಾದರೂ ಬಂದು ನೋಡಲಿ ಎಂದು ಎಲ್ಲರೂ ಕಾಯುತ್ತಲೇ ನಿಂತಿದ್ದರು.

ಕೆಲಸ ಹೋಯಿತು ಎಂದಾಗಲೂ ಬಾರದ ಅಳು ಚಂದ್ರಿಕಾಳಿಗೆ ಈಗ ಬಂತು.

"ಮುಚ್ರೋ!" ಎಂದು ಗಂಟಲು ಹರಿಯುವಂತೆ ಕೂಗಿದಳು. "ಮುಚ್ಕೊಂಡ್ ಹೋಗ್ರೋ ಸ್ಕೂಲಿಗೆ!"

ಆಗಲೂ ಮಕ್ಕಳು ಧರ್ಮನ ಮುಖವನ್ನೇ ನೋಡಿದರು. ಅವಳು ಮಂಡಿಯೂರಿ ಕೂತು, ಧೂಳಿನಲ್ಲಿ ಬಿದ್ದಿದ್ದ ಪುಸ್ತಕಗಳನ್ನು ಪುಟ್ಟವನ ಬ್ಯಾಗಿಗೆ ತುಂಬಿ ಜಿಪ್ ಎಳೆದಳು. ಆಮೇಲೆ ಪಕ್ಕದವನದು. ಆಮೇಲೆ ಇನ್ನೊಬ್ಬಳದು. ಕೊನೆಗೆ ಮೋನಿಕಾಳ ಬಳಿ ಬಂದಾಗ ಹುಡುಗಿ ತಾನೇ ಜಿಪ್ ಎಳೆದುಕೊಂಡಿದ್ದಳು.

"ಅವ್ವಾ, ನಾಳೆ?"

"ನಾಳೆ ನಂಗೆ ಕೆಲಸ ಇಲ್ವಲ್ಲ" ಎಂದಳು ಚಂದ್ರಿಕಾ, ಧರ್ಮನಿಗೆ ಕೇಳುವಂತೆ. "ಇಲ್ಲೇ ನಿಂತಿರ್ತೀನಿ. ನಡಿ."