ಕಿಟಕಿಯಲ್ಲಿ ಎದ್ದ ಕೈ

"ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು ಓಡಿದವನು, ಇವತ್ತು ನಮ್ಮ ಕೆಲಸ ಅಳೆಯೋಕೆ ಬಂದಿದಾನೆ ನೋಡ್ರಪ್ಪ!" ಎಂದ ಹ್ಯಾಸ್ಕೆಲ್, ನನ್ನತ್ತ ಬೆರಳು ತೋರಿಸಿ. ಚರ್ಚಿನ ಹಾಲಿನಲ್ಲಿ ದೂರ ದೂರ ಕೂತಿದ್ದವರೆಲ್ಲ ಮಾಸ್ಕಿನೊಳಗೇ ನಕ್ಕರು.

ಕೆಂಟಕಿಯ ನಮ್ಮ ಕೌಂಟಿಯಲ್ಲಿ, ಮನೆಯವರ ಕೈಯಲ್ಲೇ ನರಳುವ ಮುದುಕರನ್ನು ಕಾಪಾಡುವ ಕಚೇರಿಗೆ ಅವನೇ ಮುಖ್ಯಸ್ಥ. ಕೊರೋನಾ ಬಂದಮೇಲೆ ಆ ಕೆಲಸ ಹೇಗೆ ನಡೆಯುತ್ತಿದೆಯೆಂದು ತಿಳಿಯಲು ವಿಶ್ವವಿದ್ಯಾಲಯದಿಂದ ಪ್ರೂಯಿಟ್ ಮೇಡಂ ಬಂದಿದ್ದರು. ನನ್ನ ವರ್ನಾ ಅಜ್ಜಿಯನ್ನು, ಅವಳ ಜೊತೆಗಿರುವ ಜೆರಿಲಿನ್ ಅತ್ತೆ ಉಪವಾಸ ಕೆಡವುತ್ತಿದ್ದಾಳೆ ಎಂದು ದೂರು ಕೊಟ್ಟವನು ನಾನು. ಅದಕ್ಕೇ ನನ್ನನ್ನೂ ಕರೆದಿದ್ದರು.

"ಸೋಂಕಿನ ಭಯಕ್ಕೆ ನಾವು ಒಳಗೆ ಹೋಗಲ್ಲ ಮೇಡಂ. ಅಂಗಳದಲ್ಲಿ ನಿಂತು ಹಾರನ್ ಹೊಡೀತೀವಿ. ಕಿಟಕಿಯಿಂದ ಕೈ ಬೀಸಿದ್ರೆ ಕ್ಷೇಮ ಅಂತ. ಇವನ ಅಜ್ಜೀದೇ ನೋಡಿ, ನಿನ್ನೆ ತೆಗೆದಿದ್ದು," ಎಂದು ಹ್ಯಾಸ್ಕೆಲ್ ಗೋಡೆಯ ಮೇಲೆ ಫೋಟೋ ಮೂಡಿಸಿದ.

ಅಜ್ಜಿ ಕಿಟಕಿಯಲ್ಲಿದ್ದಳು. ತಲೆ ಎದೆಯ ಮೇಲೆ ಜೋತುಬಿದ್ದಿತ್ತು. ಬಲಗೈ ಮಾತ್ರ ನೆಟ್ಟಗೆ ಮೇಲೆದ್ದಿತ್ತು. ಲಕ್ವ ಹೊಡೆದಾಗಿನಿಂದ ಆ ಕೈಯಲ್ಲಿ ಅವಳು ಚಮಚ ಎತ್ತಿದವಳಲ್ಲ. ಅವಳ ಮಣಿಕಟ್ಟಿನ ಸುತ್ತ ಇದ್ದದ್ದನ್ನು ಮೊದಲು ನೆರಳೆಂದುಕೊಂಡೆ. ಅಲ್ಲ, ಪರದೆಯ ಹಿಂದಿನಿಂದ ಬಂದ ಬೆರಳುಗಳು ಅವು, ಉಗುರಿಗೆ ಜೆರಿಲಿನ್ ಅತ್ತೆಯ ಕೆಂಪು ಬಣ್ಣ.

"ಪಾಪ, ಎಷ್ಟು ಪ್ರೀತಿಯಿಂದ ಕೈ ಬೀಸ್ತಿದಾರೆ," ಎಂದರು ಮೇಡಂ. ಎಲ್ಲರೂ ತಲೆದೂಗಿದರು.

"ಏನಯ್ಯಾ, ಈಗ್ಲಾದ್ರೂ ಸಮಾಧಾನ ಆಯ್ತಾ?" ಹ್ಯಾಸ್ಕೆಲ್ ಕೇಳಿದ.

ನಾನು ಹಲ್ಲು ಕಚ್ಚಿ ಎದ್ದೆ. ಅಜ್ಜಿಯನ್ನು ಆ ಮನೆಯಿಂದ ಕರೆತರಲು ಹೊರಟುಬಿಟ್ಟೆ.